ಅಪ್ಪ ತೀರಿಸಲು ಹೋದ ಮುಯ್ಯಾಳು

ಗುಂಡ್ಲುಪೇಟೆಗೆ ಸ್ವಲ್ಪ ಈಚೆ, ರಸ್ತೆಯಿಂದ ಒಳಗಿದ್ದ ಒಂದು ಕೇರಿಯಲ್ಲಿ, ಅರ್ಧ ಎದ್ದಿದ್ದ ಮಣ್ಣಿನ ಮನೆಯ ಬಾಗಿಲ ಕಂಡಿಯಲ್ಲಿ ನಾನು ನಿಂತಿದ್ದೆ. ಕನ್ನಡ ನಾಡು ಒಂದಾದ ಮರುವರ್ಷ, ಮುಂಗಾರು ಮುಗಿಯುತ್ತಿದ್ದ ಕಾಲ, ಬೆಳಗಿನ ಹೊತ್ತು. ನನ್ನೆದುರಿನ ಗೋಡೆಯ ಮೇಲೆ ಅಪ್ಪ ಕುಕ್ಕರಗಾಲಲ್ಲಿ ಕೂತು, ಕೆಳಗಿನಿಂದ ಏರಿಸುತ್ತಿದ್ದ ತೊಲೆಯ ತುದಿಗೆ ಕೈ ಚಾಚಿದ್ದ. ನಾನು ಅವನನ್ನು ಊರಿಗೆ ಕರೆದೊಯ್ಯಲು ಬಂದಿದ್ದೆ.

ಅವನು ಅಲ್ಲಿಗೆ ಯಾಕೆ ಹೋಗಿದ್ದ ಎಂಬುದನ್ನು ಮೊದಲು ಹೇಳಬೇಕು.

ಆ ಬೇಸಿಗೆಯಲ್ಲಿ ಹರವೆ ಹತ್ತಿರದ ನಮ್ಮ ಊರಿಗೆ ಬೆಂಕಿ ಬಿದ್ದು ಒಂದು ಸಾಲು ಹುಲ್ಲು ಮನೆಗಳು ಸುಟ್ಟವು. ನಮ್ಮದೂ ಒಂದು. ಆಗ ಬಂದವರು ಪರದೇಶದ ಕೆಲವು ಹುಡುಗರು, ಹುಡುಗಿಯರು. ಹಡಗು ಹತ್ತಿ ಬಂದು, ಸೂರು ಕಳೆದುಕೊಂಡವರಿಗೆ ಮನೆ ಕಟ್ಟಿಕೊಡುವುದೇ ಅವರ ಕೆಲಸ. ನಮ್ಮ ಮನೆಗೆ ಬಂದವಳು ಎತ್ತರದ ಒಬ್ಬ ಹುಡುಗಿ. ಲಂಗವನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಗೋಡೆಯ ಮಣ್ಣು ತುಳಿಯುತ್ತಿದ್ದಳು. ಪಕ್ಕದ ಮನೆಯ ಅಜ್ಜಿ ನನ್ನ ತಂಗಿಗೆ, "ನಮ್ ಎಮ್ಮೆನೂ ಇಂಗ್ ತುಳಿಯಕಿಲ್ಲ ಕಣಮ್ಮಿ. ನಿಮ್ಮಣ್ಣಂಗೆ ತಂದ್ಕೊಬುಡಿ, ಕೊಟ್ಟಿಗೆ ಕೆಲ್ಸಾನೂ ಆಯ್ತದೆ" ಎಂದಳು. ಹುಡುಗಿಗೆ ಅರ್ಥವಾಗಲಿಲ್ಲ. ಎಲ್ಲರ ಜೊತೆ ತಾನೂ ನಕ್ಕಳು.

ನಮ್ಮ ಕಡೆ ನಾಟಿ, ಕುಯ್ಲು, ಮನೆ ಕಟ್ಟುವುದು ಎಲ್ಲ ಮುಯ್ಯಾಳಿನಲ್ಲಿ ನಡೆಯುತ್ತಿತ್ತು. ನೀವು ನಮ್ಮ ಕೆಲಸಕ್ಕೆ ಎಷ್ಟು ದಿನ ಬಂದಿರೋ ಅಷ್ಟು ದಿನ ನಮ್ಮ ಮನೆಯ ಒಂದಾಳು ನಿಮ್ಮ ಕೆಲಸಕ್ಕೆ ಬರಬೇಕು. ಯಾರು ಹೋದರೂ ಆಯಿತು, ಮನೆಯಾಳಾಗಿರಬೇಕು ಅಷ್ಟೆ.

ಹೆಂಚು ಹೊದಿಸಿ ಅವರು ಹೊರಟುಹೋದ ಮೇಲೂ ಅಪ್ಪ ಮನೆಯೊಳಗೆ ಮಲಗಲಿಲ್ಲ. ಜಗಲಿಯಲ್ಲೇ ಚಾಪೆ ಹಾಕುತ್ತಿದ್ದ. ಅವರು ಗುಂಡ್ಲುಪೇಟೆ ಕಡೆ ಕೆಲಸ ಹಿಡಿದಿದ್ದಾರೆಂದು ಸಂತೆಯಲ್ಲಿ ಕೇಳಿಕೊಂಡು ಬಂದವನು, "ಮುಯ್ಯಿ ತೀರ್ಸಕ್ಕೆ ನೀ ಓದೀಯೋ, ನಾ ಓಗ್ಲೋ?" ಎಂದ.

"ಅವ್ರು ಮುಯ್ಯಿ ಕೇಳೋರಲ್ಲ ಕಣಪ್ಪ. ಪುಣ್ಯಕ್ಕೆ ಮಾಡೋರು."

"ಪುಣ್ಯ ಅವ್ಳಿಗಾಯ್ತು. ನಮ್ಗೆ? ಬಿಟ್ಟಿ ಸೂರಡೀಲಿ ಮುದ್ದೆ ಎಂಗ್ ಇಳಿದದು?"

"ಹಂಗಾದ್ರೆ ಅವಳ ದೇಶಕ್ಕೇ ಹೋಗಿ ಅವರಪ್ಪನ ಮನೆ ಕಟ್ಟಿಕೊಟ್ಬುಟ್ಟು ಬಾ" ಎಂದು ನಾನು ನಕ್ಕೆ. ಆಗ ನಾನು ಪ್ರೈಮರಿ ಶಾಲೆಯ ಮೇಷ್ಟ್ರು. ಆ ಜನರ ಮುಂದೆ ಗುದ್ದಲಿ ಹಿಡಿದು ನಿಲ್ಲಲು ನಾಚಿಕೆ. ಅಪ್ಪ ಮಾರನೆಯ ಬೆಳಿಗ್ಗೆ ಗುದ್ದಲಿಯನ್ನು ಹೆಗಲಿಗಿಟ್ಟು ಹೊರಟ. ಅವನಿಗೆ ಅರವತ್ತು ದಾಟಿತ್ತು.

ವಾರ ಕಳೆದರೂ ಬಾರದಿದ್ದಾಗ ಅವ್ವ ನನ್ನನ್ನು ಅಟ್ಟಿದಳು. ಹಾಗೆ ಹೋಗಿ ಆ ಬಾಗಿಲ ಕಂಡಿಯಲ್ಲಿ ನಿಂತು, "ಇಳಿಯಪ್ಪ, ಊರಿಗೆ ಹೋಗನ" ಎಂದೆ.

"ನಾಳೆಗೆ ಮುಯ್ಯಿ ಮುಗೀತು ಕಣ್ಲಾ" ಎನ್ನುತ್ತ ಅಪ್ಪ ನನ್ನ ಕಡೆ ತಿರುಗಿದ.

ತಿರುಗಿದ್ದಕ್ಕೇ ಗೋಡೆ ಕುಸಿಯಿತು ಎಂದು ಹೇಳಲಾರೆ. ಹಿಂದಿನ ದಿನ ಮಳೆಯಾಗಿತ್ತು, ಮಣ್ಣು ಹಸಿಯಿತ್ತು. ನಾನು ಕಂಡದ್ದು ಇಷ್ಟು: ಅವನು ತಿರುಗಿದ, ತೊಲೆಯ ತುದಿ ಗೋಡೆಗೆ ತಾಗಿತು, ಮೂಲೆ ಅವನ ಅಡಿಯಿಂದ ಜಾರಿತು. ತೊಲೆ ಅವನ ಸೊಂಟದ ಮೇಲೆ ಬಿತ್ತು.

ಹಗ್ಗ ಹಿಡಿದಿದ್ದ ಸಾಬರ ಬಡಗಿಯೂ ನಾನೂ ತೊಲೆ ಎತ್ತಿದೆವು. ಆ ಎತ್ತರದ ಹುಡುಗಿ ಅಪ್ಪನ ಬಾಯೊಳಗಿನ ಮಣ್ಣನ್ನು ಬೆರಳಿನಿಂದ ತೆಗೆದಳು. ಬಾಯಿ ಬಿಡುವಾದೊಡನೆ ಅಪ್ಪ, "ನಾಳೇದ ನೀ ಮುಗ್ಸು. ಅರ್ಧಕ್ಕೆ ಬುಡಬ್ಯಾಡ" ಎಂದ.

ಚಾಮರಾಜನಗರದ ಆಸ್ಪತ್ರೆಗೆ ಒಯ್ಯಲು ಅವರ ಜೀಪು ಬಂತು. ಹುಡುಗಿ ನನ್ನ ತೋಳು ಹಿಡಿದು ಅದರೊಳಕ್ಕೆ ತಳ್ಳಿದಳು. ನಾನು ಹತ್ತಲಿಲ್ಲ. ಯಾಕೆಂದು ಹೇಳುವಷ್ಟು ಇಂಗ್ಲಿಷು ನನ್ನಲ್ಲಿರಲಿಲ್ಲ. "ಕೂತ್ಕೋಪ್ಪ, ಗೋಡೆ ಎಲ್ಲಿಗ್ ಓಡೋಯ್ತದೆ?" ಎಂದು ಬಡಗಿಯೂ ಗದರಿದ. ನಾನು ಅಪ್ಪನ ಗುದ್ದಲಿ ಎತ್ತಿಕೊಂಡೆ. ಅವಳು ನನ್ನನ್ನು ಒಂದು ಗಳಿಗೆ ನೋಡಿ, ತಾನೇ ಜೀಪು ಹತ್ತಿ ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

ಮರುದಿನ ಕೆಲಸ ಮುಗಿಸಿ, ಕಾಲಿನ ಮಣ್ಣು ತೊಳೆಯದೆ ತೆರಕಣಾಂಬಿ ಮೇಲಿನ ಬಸ್ಸು ಹಿಡಿದೆ. ಹಿಂದಿನ ದಿನವೇ ಸುದ್ದಿ ತಿಳಿದು ಬಂದಿದ್ದ ಅವ್ವ ಆಸ್ಪತ್ರೆಯ ಹೊರಗಡೆ ಕೂತಿದ್ದಳು. ಅಪ್ಪ ಬೆಳಿಗ್ಗೆಯೇ ತೀರಿಹೋಗಿದ್ದ. "ಮುಗೀತಾ, ಮುಗೀತಾ ಅಂತಿತ್ತು. ಮುಗೀತು ಅಂದ್ಬುಟ್ಟೆ" ಎಂದಳು. ಅವಳು ಹಾಗೆ ಅಂದ ಹೊತ್ತಿಗೆ ನಾನಿನ್ನೂ ಮಣ್ಣಿಗೆ ಇಳಿದಿರಲಿಲ್ಲ.

ಅಪ್ಪ ಒಳಗೆ ಮಲಗದ ಮನೆಯಲ್ಲಿ ಇಷ್ಟು ವರ್ಷ ನಾನು ಮಲಗಿದ್ದೇನೆ. ಮೊದಲ ದಿನವೇ ನಾನು ಹೋಗಬಹುದಿತ್ತು. ಯಾರು ಹೋದರೂ ನಡೆಯುತ್ತಿತ್ತು.

ಆ ಗೋಡೆ ಬಿದ್ದದ್ದನ್ನು ಕಂಡವರಲ್ಲಿ ನನ್ನನ್ನು ಬಿಟ್ಟರೆ ಇನ್ನಿಬ್ಬರು ಬದುಕಿದ್ದಾರೆ. ಒಬ್ಬ ಆ ಬಡಗಿ. ಗುಂಡ್ಲುಪೇಟೆಯಲ್ಲಿ ಮಗನ ಅಂಗಡಿಯ ಮುಂದೆ ಕೂತಿರುತ್ತಾನೆ, ಕಣ್ಣು ಮಂಜಾಗಿದೆ. ಇನ್ನೊಬ್ಬಳು ಆ ಹುಡುಗಿ, ಈಗ ತನ್ನ ದೇಶದಲ್ಲಿ ಮುದುಕಿ, ಆಗೊಮ್ಮೆ ಈಗೊಮ್ಮೆ ಕಾಗದ ಬರೆಯುತ್ತಾಳೆ. ಅಪ್ಪನೂ ತಮ್ಮ ಹಾಗೆ ಯಾರದೋ ಮನೆ ಏಳಲಿ ಎಂದು ಬಂದವನೆಂದೇ ಅವಳು ತಿಳಿದಿದ್ದಾಳೆ. ಅವಳು ತುಳಿದ ಮಣ್ಣಿಗೆ ಬದಲಾಗಿ ಬಂದಿದ್ದ ಎಂದು ನಾನು ಹೇಳಿಲ್ಲ.