ದುಂಡಮ್ಮ ಬಡಿದು ನೋಡಿದ ಮೂರ್ತಿ

ಕಮಲಾಪುರದ ದುಂಡಮ್ಮ ಇಪ್ಪತ್ತು ವರ್ಷಗಳಿಂದ ಕಲಬುರಗಿಗೆ ಕೆಂಪು ಬಾಳೆಹಣ್ಣು ತಂದು ಮಾರುವವಳು. ಶರಣಬಸವೇಶ್ವರ ಗುಡಿಯ ದಾರಿಯಲ್ಲಿ ಶಿವಲಿಂಗ ಎಂಬ ಶಿಲ್ಪಿ ನಿಲ್ಲಿಸಿದ್ದ, ಬುಟ್ಟಿ ಹೊತ್ತ ಹೆಂಗಸಿನ ಮೂರ್ತಿ ಕಂಡಾಗಲೆಲ್ಲ ಅವಳ ಕಾಲು ನಿಲ್ಲುತ್ತಿತ್ತು. ಅದಕ್ಕೆ ಕಣ್ಣು ಮೂಗು ಇರಲಿಲ್ಲ, ಆದರೆ ಕುತ್ತಿಗೆ ನೋಡಿದರೆ ಸಾಕು, ಬುಟ್ಟಿಯ ಭಾರ ತಿಳಿಯುತ್ತಿತ್ತು. ಅಂಥವೇ ಗೇಣುದ್ದದ ಸುಟ್ಟ ಮಣ್ಣಿನ ಮೂರ್ತಿಗಳನ್ನು ಅವನು ಊರಿನ ಕಲಾ ಪ್ರದರ್ಶನದಲ್ಲಿ ಐನೂರು ರೂಪಾಯಿಗೆ ಮಾರುತ್ತಿದ್ದಾನೆಂದು ತಿಳಿದ ದಿನ, ಬುಟ್ಟಿ ಖಾಲಿಯಾದದ್ದೇ ತಡ, ಪ್ರದರ್ಶನದ ಹಾಲ್‌ಗೆ ನಡೆದಳು.

ಬಡಿದು ನೋಡದೆ ಗಡಿಗೆ ಕೊಂಡವಳನ್ನು ಅವಳ ಊರಲ್ಲಿ ಹೆಣ್ಣೆಂದೇ ಎಣಿಸುವುದಿಲ್ಲ. ದುಂಡಮ್ಮ ಒಂದು ಮೂರ್ತಿಯನ್ನು ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ಬಡಿದಳು.

"ಅಮ್ಮಾ, ಮುಟ್ಟಬ್ಯಾಡ್ರಿ," ಎಂದು ಮೂರ್ತಿ ಮಾರಲು ನಿಂತಿದ್ದ ಹುಡುಗಿ ಪ್ರೀತಿ ಓಡಿ ಬಂದಳು.

ಹಾಲ್‌ನಲ್ಲಿ ಎಲ್ಲರ ಕಣ್ಣೂ ದುಂಡಮ್ಮನ ಮಾಸಿದ ಸೀರೆಯ ಮೇಲೆ. ಆದರೂ ಅವಳು ಇನ್ನೊಮ್ಮೆ ಬಡಿದಳು. "ಇದರಾಗ ಬಿರುಕು ಅದರಿ."

ಶಿವಲಿಂಗನೇ ಬಂದ. ಮುಖ ಬಿಗಿದಿತ್ತು. ಮೂರ್ತಿಯನ್ನು ಇಸಿದುಕೊಂಡು ತಾನೂ ಬಡಿದ. ಪಕ್ಕದ್ದನ್ನೂ ಬಡಿದ. ಪಕ್ಕದ್ದು ಠಣ್ ಎಂದಿತು, ಇದು ದಬ್ ಎಂದಿತು. ತಿರುಗಿಸಿ ನೋಡಿದರೆ ಬುಡದಲ್ಲಿ ಕೂದಲೆಳೆಯಷ್ಟು ಸೀಳು.

"ಮುಂಜಾನಿಂದ ದೊಡ್ಡ ದೊಡ್ಡವರು ನೋಡಿ ಹೋಗ್ಯಾರ. ಒಬ್ಬರೂ ಹೇಳಲಿಲ್ಲ," ಎಂದ.

ದುಂಡಮ್ಮ ಸೆರಗಿನ ಗಂಟು ಬಿಚ್ಚುತ್ತ, ಠಣ್ ಎಂದದ್ದರ ಕಡೆ ಕೈ ತೋರಿಸಿದಳು.

"ಅವರು ನೋಡಾಕ ಬಂದಿದ್ರು, ಸಾಹೇಬ್ರ. ನಾ ಮನಿಗಿ ಒಯ್ಯಾಕ ಬಂದೀನಿ."