ಸುಣ್ಣ ಬಿದ್ದ ಬಲಗಣ್ಣು

ರೇಷ್ಮೆ ಹುಳುಮನೆಗೆ ಬಳಿಯೋಕೆ ಅವ್ವ ಕದಡಿಟ್ಟಿದ್ದ ಸುಣ್ಣವನ್ನು ಬಲೂನಿಗೆ ತುಂಬಿ ಗೆಳೆಯನಿಗೆ ಗುರಿಯಿಟ್ಟೆ. ಅದು ನನ್ನ ಮುಖದ ಮೇಲೇ ಒಡೆದು ಬಲಗಣ್ಣು ಸುಟ್ಟಿತು. ಡಾಕ್ಟರು ಎಡಗಣ್ಣಿನ ಅಂಚಿಂದ ಒಸಿ ಚೂರು ತೆಗೆದು, ಅದರ ಸ್ಟೆಮ್ ಸೆಲ್ಲುಗಳನ್ನು ಬಲಗಣ್ಣಿಗೆ ಹಾಕಿದರು. ರಾಗಿ ಪೈರು ಕಿತ್ತು ನಾಟಿ ಮಾಡಿದಂಗೆ ಅಂದ್ಕೊಳ್ಳಿ.

ಕೆಲವು ತಿಂಗಳಾದ ಮೇಲೆ ಡಾಕ್ಟರು ಎಡಗಣ್ಣು ಮುಚ್ಚಿಸಿ, ಎರಡು ಬೆರಳು ತೋರಿಸಿ, “ಎಷ್ಟಪ್ಪಾ?” ಅಂದರು.

ಚೆನ್ನಾಗೇ ಕಂಡಿತು. ನನ್ನ ಬಾಯಿ ಸುಮ್ಮನಿರಬೇಕಲ್ಲ. “ಏನೂ ಕಾಣಾಕಿಲ್ಲ ಸಾ,” ಅಂದೆ.

ಡಾಕ್ಟರ ಮುಖ ಬಾಡಿತು. ಅವ್ವ ಮುಂದೆ ಬಂದು, “ನನ್ ಕಣ್ಣಿಂದ ತಗಂಡು ಇವನಿಗೆ ಹಾಕಿ ಸಾಮಿ. ನಂಗೆ ಒಂದು ಸಾಕು,” ಅಂದಳು.

“ಎರಡು ಬೆರಳು ಸಾ,” ಅಂದೆ, ನೆಲ ನೋಡ್ತಾ.

ಹೊರಗೆ ಬಂದ ತಕ್ಷಣ ಅವ್ವನ ಕೈ ನನ್ನ ಕೆನ್ನೆಗೆ ಬಂತು, ಬಲಗಡೆಯಿಂದಲೇ. ಐದೂ ಬೆರಳು ಸ್ಪಷ್ಟವಾಗಿ ಕಂಡವು.