ಜೊಯೆಲ್ ಕೂಗಿದ ಮಾತು

ತಂಗಿ ಲವೀನಾಳ ಹೆಸರು ಕಿವಿಗೆ ಬಿದ್ದರೆ ಕೆಟೂರಾಳ ಹೊಟ್ಟೆಯೊಳಗೆ ಕೆಂಡ ಕೆದಕಿದ ಹಾಗಾಗುತ್ತಿತ್ತು. ವರ್ಜೀನಿಯಾದ ಪಡುವಣ ಗುಡ್ಡಗಳಲ್ಲಿ ಒಂದೇ ಹೊಳೆಯ ಆಚೆ ಈಚೆ ಬಾಳಿದವರು ಇವರು. ಅಮ್ಮನ ಮಗ್ಗ ತಂಗಿಗೆ ಹೋಯಿತು, ಹೊಳೆದಂಡೆಯ ಕಪ್ಪು ಮಣ್ಣೂ ಅವಳಿಗೇ. ಕೊನೆಗೆ ಗಿಡಿಯನ್ ಕೂಡ ಅವಳಿಗೇ ಗಂಡನಾದ. ಅವನು ಮೊದಲು ಕುದುರೆ ಕಟ್ಟಿ ಬಾಗಿಲು ತಟ್ಟಿದ್ದು ಕೆಟೂರಾಳನ್ನು ನೋಡಲಿಕ್ಕೆ. ಇವಳಿಗೆ ಸಿಕ್ಕಿದ್ದು ಕಲ್ಲು ಇಳಿಜಾರು, ಜೊತೆಗೆ ಪೀಪಾಯಿ ಮಾಡುವ ಜೊಯೆಲ್. ಒಳ್ಳೆಯವನು, ಆದರೆ ಬಾಯಿ ಸತ್ತವನು.

ಆ ವರ್ಷ ದೇಶದ ತೆಂಕಣ ರಾಜ್ಯಗಳು ಒಂದೊಂದಾಗಿ ಒಕ್ಕೂಟ ಬಿಟ್ಟು ಹೊರಟವು. ಗುಲಾಮರನ್ನು ದುಡಿಸುವ ದೊಡ್ಡ ತೋಟದವರಿಗೆ ಅದು ಬೇಕಿತ್ತು. ವರ್ಜೀನಿಯಾ ಯಾವ ಕಡೆ ಅಂತ ಜನರನ್ನೇ ಕೇಳುವುದೆಂದಾಯಿತು. ಆಗ ನಮ್ಮಲ್ಲಿ ಮತ ಅಂದರೆ ಬಾಯಿಮಾತು. ಗಂಡಸು ಮೇಜಿನ ಮುಂದೆ ನಿಂತು ಊರೆಲ್ಲ ಕೇಳುವ ಹಾಗೆ ಕೂಗಬೇಕು. ಗುಡ್ಡದವರಲ್ಲಿ ಒಕ್ಕೂಟ ಬಿಡುವುದು ‘ಬೇಡ’ ಅನ್ನುವವರೇ ಹೆಚ್ಚು.

ಮತದ ಹಿಂದಿನ ದಿನ ಹೆಂಗಸರೆಲ್ಲ ಕೌದಿಯ ಸುತ್ತ ಕೂತು ಹೊಲಿಯುತ್ತಿದ್ದರು.

“ನಾಳೆ ಎಲ್ಲರಿಗಿಂತ ಮೊದಲು ಗಿಡಿಯನ್ ಕೂಗಬೇಕಂತೆ, ಅಕ್ಕ,” ಅಂದಳು ಲವೀನಾ. “ಜೊಯೆಲ್ ಭಾವನೂ ಜೊತೆಗಿರ್ತಾರಲ್ಲ?”

“ಜೊಯೆಲ್ಲಾ?” ಅಂತ ಮುದುಕಿಯೊಬ್ಬಳು ನಕ್ಕಳು. “ಗಿಡಿಯನ್ ಕೆಮ್ಮಿದ್ರೆ ಅವನು ಸೀನ್ತಾನೆ ಬಿಡು!”

ಎಲ್ಲರೂ ನಕ್ಕರು. ಲವೀನಾಳೂ ನಕ್ಕಳು. ಕೆಟೂರಾಳ ಸೂಜಿ ಬೆರಳಿಗೆ ಚುಚ್ಚಿತು.

ಮನೆಯಲ್ಲಿ ಮೆಕ್ಕೆಜೋಳದ ರೊಟ್ಟಿ, ಮಜ್ಜಿಗೆ ಗಂಡನ ಮುಂದಿಟ್ಟು ಕೇಳಿದಳು. “ನಾಳೆ ಏನಂತ ಕೂಗ್ತೀಯ?”

“ಬೇಡ ಅಂತ. ಎಲ್ರೂ ಹಾಗೇ ತಾನೇ?”

“ಎಲ್ರೂ ಅಂದ್ರೆ ಗಿಡಿಯನ್. ಸಾಯೋತನಕ ಷಡ್ಡಕನ ಬಾಲ ಹಿಡ್ಕೊಂಡೇ ಇರ್ತೀಯಾ?”

“ಬೇರೆಯಾಗಲಿ ಅಂದ್ರೆ ನಮಗೇನು ಬರುತ್ತೆ, ಕೆಟೂರಾ?”

ಲವೀನಾಳ ಮುಖ ಬಾಡೋದನ್ನ ನೋಡೋ ಭಾಗ್ಯ, ಅಂತ ಬಾಯಿತನಕ ಬಂದಿತ್ತು. “ಮರ್ಯಾದೆ ಬರುತ್ತೆ,” ಅಂದಳು.

ಮರುದಿನ ಮತದ ಮೇಜಿನ ಮುಂದೆ ಗಿಡಿಯನ್ “ಬೇಡ!” ಅಂತ ಕೂಗಿದಾಗ ಟೊಪ್ಪಿಗೆಗಳು ಹಾರಿದವು. ಜೊಯೆಲ್ ಸರದಿ ಬಂತು. “ಬೇರೆಯಾಗಲಿ!” ಅಂದ. ಅಂಗಳದಲ್ಲಿದ್ದವರೆಲ್ಲ ಅವನ ಕಡೆ ತಿರುಗಿದರು. ಹೆಂಗಸರ ನಡುವೆ ನಿಂತಿದ್ದ ಲವೀನಾಳ ಮುಖ ಬಾಡಿದ ಹೂವಾಯಿತು. ಕೆಟೂರಾಳ ನಾಲಿಗೆಗೆ ಜೇನು ಸವರಿದ ಹಾಗಾಯಿತು. ಅಷ್ಟರಲ್ಲಿ ದೊಡ್ಡ ತೋಟದ ಯಜಮಾನನೊಬ್ಬ ಬಂದು ಜೊಯೆಲ್ ಕೈ ಕುಲುಕಿ “ಬನ್ನಿ ಸ್ವಾಮಿ” ಅಂದ. ಹಾಗೆ ಅವನನ್ನು ಹಿಂದೆ ಯಾರೂ ಕರೆದಿರಲಿಲ್ಲ.

ವರ್ಜೀನಿಯಾ ಬೇರೆಯಾಯಿತು. ಗುಡ್ಡದವರು ನಾವು ಬರುವುದಿಲ್ಲ ಅಂತ ಅದರಿಂದಲೇ ಬೇರೆಯಾಗಿ ತಮ್ಮದೇ ರಾಜ್ಯ ಕಟ್ಟಲು ಹೊರಟರು. ಒಕ್ಕೂಟದ ಸಿಪಾಯಿಗಳು ಗಡಿಯ ದೊಡ್ಡ ನದಿ ದಾಟಿ ಬಂದರು. ಯಾರು ಏನು ಕೂಗಿದ್ದರು ಅಂತ ಚಾಡಿ ಹೇಳುವ ಅಗತ್ಯವೇ ಇರಲಿಲ್ಲ. ಊರಿಗೆಲ್ಲ ಕಿವಿಯಿತ್ತು.

ಗಿಡಿಯನ್ ತಾನೇ ಓಡಿಬಂದ. “ಷಡ್ಡಕ, ನಾಳೆ ನಿನ್ನನ್ನ ಹಿಡೀತಾರೆ. ಈಗ್ಲೇ ನನ್ನ ಜೊತೆ ಬಾ. ಕೈ ಎತ್ತಿ ಒಕ್ಕೂಟಕ್ಕೆ ನಿಷ್ಠೆ ಅಂತ ಆಣೆ ಮಾಡು ಸಾಕು. ನಿನ್ನ ಹೊಣೆ ನನ್ನದು.”

ಗಂಡನ ಜೀವವೂ ಲವೀನಾಳ ಮನೆಯಿಂದಲೇ ಬರಬೇಕೇ ಅಂತ ಕೆಟೂರಾಳಿಗೆ ಆಗಲೂ ಉರಿಯಿತು. ಆದರೂ ಗಂಡನ ತೋಳು ಹಿಡಿದಳು. “ಹೋಗು, ಜೊಯೆಲ್. ನಿನಗೆ ಹೇಳಿಕೊಟ್ಟಿದ್ದು ನಾನೇ ಅಲ್ವಾ, ಲವೀನಾ ಮೇಲಿನ ಹೊಟ್ಟೆಕಿಚ್ಚಿಗೆ.”

“ಗೊತ್ತು,” ಅಂದ ಜೊಯೆಲ್. “ಆದ್ರೆ ಕೂಗಿದ್ದು ನಾನು. ಊರು ನನ್ನ ಕಡೆ ತಿರುಗಿ ನೋಡಿದ್ದು ಅವತ್ತೊಂದೇ ದಿನ. ಈಗ ಗಿಡಿಯನ್ ಹಿಂದೆ ನಿಂತು ಅದನ್ನ ವಾಪಸ್ ನುಂಗು ಅಂತೀಯಾ?”

ಬೆಳಗಾಗುವ ಮೊದಲೇ ಮೂಡಣ ಬೆಟ್ಟ ದಾಟಿ ತೆಂಕಣದವರ ದಂಡು ಸೇರಿದ. ಹೋದವನು ಹೋದ. ಎಲ್ಲಿ ಮಣ್ಣಾದನೋ ಹೇಳಿದವರಿಲ್ಲ.

ಲವೀನಾ ದಿನವೂ ಹೊಳೆ ದಾಟಿ ಬಂದು ಅಕ್ಕನ ಪಕ್ಕ ಕೂರುತ್ತಿದ್ದಳು. ಸಂಜೆ ಆಚೆ ದಡದಿಂದ ಗಿಡಿಯನ್ ಕೂಗುತ್ತಿದ್ದ, “ಲವೀನಾ, ಕತ್ತಲಾಯ್ತು, ಬಾರೇ!”

“ಹೋಗು, ಕರೀತಿದ್ದಾನೆ,” ಅನ್ನುತ್ತಿದ್ದಳು ಕೆಟೂರಾ, ತಂಗಿಯ ಮುಖ ನೋಡದೆ.